ಕ್ರಿಸ್‌ಮಸ್ ರಜೆಗೆ ನೀಲ್ ದ್ವೀಪದಲ್ಲೇ ನಾಲ್ಕೈದು ದಿನ ಇರಬಹುದೇ?

ಮಕ್ಕಳನ್ನೂ ವಯಸ್ಸಾದ ಅಮ್ಮನನ್ನೂ ಕರೆದುಕೊಂಡು ಕ್ರಿಸ್‌ಮಸ್ ರಜೆಯಲ್ಲಿ ಅಂಡಮಾನಿನ ನೀಲ್ ದ್ವೀಪದಲ್ಲಿ ನಾಲ್ಕೈದು ದಿನ ಇರೋಣ ಅಂದುಕೊಂಡಿದ್ದೀರಿ. ಟ್ರಾವೆಲ್ಸ್‌ನವರು ಮಾತ್ರ, ಅದು ಅರ್ಧ ದಿನದ ಜಾಗ, ಅಷ್ಟು ದಿನ ಅಲ್ಲೇನು ಮಾಡ್ತೀರಿ ಅಂದಿದ್ದಾರೆ. ಇದು ನಿಜವೇ ಎಂದು ಕೇಳಿದ್ದೀರಿ.

ಖಂಡಿತ ಇರಿ. ಡಿಸೆಂಬರ್ ಕೊನೆಯಲ್ಲಿ ನಮ್ಮ ಮನೆಯವರೆಲ್ಲ ಅಲ್ಲಿದ್ದು ಬಂದಿದ್ದೇವೆ. ಆ ದ್ವೀಪವನ್ನು ಅರ್ಧ ದಿನದಲ್ಲಿ ನೋಡಲು ಬರುವುದೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಕಡಲಿನ ಉಬ್ಬರ ಇಳಿತ. ಭರತ್‌ಪುರ ಬೀಚ್ ಜೆಟ್ಟಿಯ ಪಕ್ಕದಲ್ಲೇ ಇದೆ. ಉಬ್ಬರದಲ್ಲಿ ಅಲ್ಲಿ ಮಕ್ಕಳು ಆಡಬಹುದಾದ ತಿಳಿನೀಲಿ ನೀರು ತುಂಬಿರುತ್ತದೆ. ಇಳಿತದಲ್ಲಿ ಅದೇ ಜಾಗದಲ್ಲಿ ದೂರದವರೆಗೆ ಪಾದ ಮುಳುಗುವಷ್ಟೇ ನೀರು, ಅಡಿಯಲ್ಲಿ ಹವಳ. ಈಜುವುದಿರಲಿ, ಕಾಲಿಡುವುದೂ ತಪ್ಪು. ಲಕ್ಷ್ಮಣಪುರ ಎರಡನೇ ಬೀಚಿನದು ಇದಕ್ಕೆ ತಿರುಗುಮುರುಗು. ಹವಳದ ಸುಣ್ಣಕಲ್ಲನ್ನು ಕಡಲು ಕೊರೆದು ಮಾಡಿದ ಕಮಾನು ಅಲ್ಲಿದೆ, ಊರಿನವರು ಹೌರಾ ಸೇತುವೆ ಅನ್ನುತ್ತಾರೆ. ಇಳಿತವಿದ್ದರೆ ಮಾತ್ರ ಅದರ ಹತ್ತಿರ ಹೋಗಬಹುದು. ಮಧ್ಯಾಹ್ನ ಬಂದು ಸಂಜೆಯ ಹಡಗು ಹಿಡಿಯುವವರಿಗೆ ಎರಡರಲ್ಲಿ ಒಂದು ಸಿಕ್ಕಿದರೆ ಪುಣ್ಯ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಲ್ಲೇ ಉಳಿದವರಿಗೆ ಇದು ಎರಡೇ ದಿನದಲ್ಲಿ ರೂಢಿಯಾಗಿಬಿಡುತ್ತದೆ. ಬೆಳಿಗ್ಗೆ ರೂಮಿನವರನ್ನು "ಇವತ್ತು ನೀರು ಯಾವಾಗ ಇಳಿಯುತ್ತದೆ" ಎಂದು ಕೇಳಿಕೊಂಡು ಆ ದಿನದ ಕಾರ್ಯಕ್ರಮ ಹಾಕಿಕೊಳ್ಳಿ.

ಕಮಾನಿನ ಬಳಿ ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಲೇಬೇಕು. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಸಮುದ್ರ ಸೌತೆ, ಬಾಯಿ ತೆರೆದ ದೊಡ್ಡ ಚಿಪ್ಪು, ಏಡಿ, ಬಣ್ಣದ ಪುಟ್ಟ ಮೀನುಗಳಿರುತ್ತವೆ. ನಮ್ಮ ಕಣ್ಣಿಗೆ ಬರೀ ಕಲ್ಲಾಗಿ ಕಂಡದ್ದನ್ನು ಅವರು ಬೆರಳು ತೋರಿಸಿ ಜೀವ ಅನ್ನುತ್ತಾರೆ. ನಮ್ಮ ಮಕ್ಕಳು ಇಡೀ ಪ್ರವಾಸದಲ್ಲಿ ಮರೆಯದೆ ನೆನಪಿಟ್ಟುಕೊಂಡಿರುವುದು ಇದನ್ನೇ. ಆದರೆ ದಾರಿ ಪಾಚಿಗಟ್ಟಿದ ಚೂಪು ಕಲ್ಲಿನದು, ನಿಮ್ಮ ಅಮ್ಮನವರಿಗೆ ಬೇಡ. ಮಕ್ಕಳಿಗೆ ಹಿಂದೆ ಪಟ್ಟಿಯಿರುವ ಗಟ್ಟಿ ಚಪ್ಪಲಿ ಹಾಕಿಸಿ. ಚಿಪ್ಪು, ಹವಳದ ಚೂರು ಏನನ್ನೂ ಜೇಬಿಗೆ ಹಾಕಿಕೊಳ್ಳಲು ಬಿಡಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕಾನೂನಿನ ಮಾತು ಒಂದು ಕಡೆಗಿರಲಿ, 2010ರಲ್ಲಿ ಕಡಲು ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಅಂಥ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುವುದರ ಮೇಲೆ ಫೋಟೋಗಾಗಿ ಹತ್ತಿ ನಿಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಮ್ಮನವರಿಗೆ ಸಂಜೆಯ ಲಕ್ಷ್ಮಣಪುರ ಒಂದನೇ ಬೀಚ್ ಒಳ್ಳೆಯದು. ಅಗಲವಾದ ಮರಳು, ಸೂರ್ಯಾಸ್ತಕ್ಕೆ ಅದೇ ಜಾಗ, ಆಟೋ ಸಿಗುತ್ತದೆ. ಒಂದು ಎಚ್ಚರ: ಗಡಿಯಾರ ಬೆಂಗಳೂರಿನದೇ ಆದರೂ ದ್ವೀಪ ಬಹಳ ಪೂರ್ವಕ್ಕಿದೆ. ಹಾಗಾಗಿ ಸೂರ್ಯ ಅಲ್ಲಿ ನಮಗಿಂತ ಸುಮಾರು ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಮುಗಿದಿರುತ್ತದೆ. ಊಟ ಮಾಡಿ ಮಲಗೆದ್ದು ಹೊರಟರೆ ಕತ್ತಲೆಯೇ ಸಿಗುವುದು. ಬೇಗ ಮಲಗಿ, ಐದಕ್ಕೆದ್ದು ಸೀತಾಪುರ ಬೀಚಿಗೆ ಸೂರ್ಯೋದಯಕ್ಕೆ ಹೋಗಿ. ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಂಥ ನೊಣ ಕಚ್ಚುತ್ತದೆ, ತುರಿಕೆ ದಿನಗಟ್ಟಲೆ ಬಿಡುವುದಿಲ್ಲ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೂರಲು ದಪ್ಪ ಬಟ್ಟೆ ಹಾಸಿಕೊಳ್ಳಿ.

ಉಳಿದ ಹೊತ್ತಿಗೆ ಬಾಡಿಗೆ ಸೈಕಲ್ ಸಾಕು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಕಾಡು ಕಡಿದು ಕಟ್ಟಿದ ಊರದು. 2018ರಿಂದ ಸರ್ಕಾರಿ ಹೆಸರು ಶಹೀದ್ ದ್ವೀಪ. ದಾರಿಯುದ್ದಕ್ಕೂ ಗದ್ದೆ, ಬಾಳೆ, ಅಡಿಕೆ, ತರಕಾರಿ ಮಡಿ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರಿಗೆ ತರಕಾರಿ ಹೋಗುವುದೂ ಇಲ್ಲಿಂದ. ಅಡಿಕೆ ತೋಟ ಕಂಡು ಮಲೆನಾಡಿನವರಾದ ನಮ್ಮ ಅತ್ತೆ ಸೈಕಲ್ಲಿನವರನ್ನೆಲ್ಲ ನಿಲ್ಲಿಸಿ, ಹೋಗಿ ಮಾತಾಡಿಸಿಯೇ ಬಂದರು. ಮಾರುಕಟ್ಟೆಯ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಮೀನಿನ ಸಾರು ಸಿಗುತ್ತವೆ. ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ. ನಗದು ಕೈಯಲ್ಲಿರಲಿ.

ಕ್ರಿಸ್‌ಮಸ್ ಹಬ್ಬವನ್ನೇ ನೋಡಬೇಕೆಂದಿದ್ದರೆ ನೀಲ್ ಅದಕ್ಕಲ್ಲ. ಅಲ್ಲಿನವರ ದೊಡ್ಡ ಹಬ್ಬ ದುರ್ಗಾಪೂಜೆ. ಡಿಸೆಂಬರಿನ ನಕ್ಷತ್ರದೀಪಗಳೆಲ್ಲ ರೆಸಾರ್ಟುಗಳವು. 24ರ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಉಳಿಯಿರಿ (2024ರಲ್ಲಿ ಶ್ರೀ ವಿಜಯಪುರಂ ಆಗಿದೆ). ಛೋಟಾ ನಾಗಪುರದಿಂದ ಕೂಲಿಗೆ ಬಂದು ನೆಲೆಸಿದ ರಾಂಚಿಯವರು, ನಿಕೋಬಾರಿನವರು ಅಲ್ಲಿದ್ದಾರೆ, ಚರ್ಚುಗಳು ತುಂಬಿರುತ್ತವೆ. ಮರುದಿನ ನೀಲ್‌ಗೆ ಹಡಗು ಹಿಡಿದರಾಯಿತು.

26ನೇ ತಾರೀಖು ನೀವು ದ್ವೀಪದಲ್ಲಿರುತ್ತೀರಿ. 2004ರ ಅದೇ ದಿನ ಬೆಳಿಗ್ಗೆ ಆರೂವರೆಗೆ ಭೂಮಿ ನಡುಗಿ ಸುನಾಮಿ ಬಂದದ್ದು. ಹಿಂದಿನ ದಿನವಷ್ಟೇ ಹಬ್ಬ ಮಾಡಿದ್ದ ಕಾರ್ ನಿಕೋಬಾರಿನ ಊರೂರುಗಳೇ ಕೊಚ್ಚಿಹೋದವು. ಮಕ್ಕಳಿಗೆ ಇದನ್ನು ಹೇಳಿ. ನೆಲ ಜೋರಾಗಿ ಅಲುಗಿದರೆ ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸೈರನ್‌ಗೆ ಕಾಯದೆ ಎತ್ತರಕ್ಕೆ ಓಡಬೇಕು ಎಂಬುದನ್ನೂ ಕಲಿಸಿ.

ಕೊನೆಯದಾಗಿ ಹಡಗಿನ ಮಾತು. ಖಾಸಗಿ ವೇಗದ ಹಡಗುಗಳ ಟಿಕೆಟ್ ಕ್ರಿಸ್‌ಮಸ್ ವಾರದಲ್ಲಿ ಬೇಗ ಮುಗಿಯುತ್ತವೆ, ವಿಮಾನದ ಜೊತೆಗೇ ಮಾಡಿಸಿ. ಅವುಗಳಲ್ಲಿ ಮುಚ್ಚಿದ ಎಸಿ ಕ್ಯಾಬಿನ್, ಅಮ್ಮನವರಿಗೆ ಹೊಟ್ಟೆ ತೊಳಸಬಹುದು. ವೈದ್ಯರನ್ನು ಕೇಳಿ ಮೊದಲೇ ಮಾತ್ರೆ ಕೊಡಿ. ಸರ್ಕಾರಿ ಹಡಗು ನಿಧಾನ, ಆದರೆ ಅಗ್ಗ, ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು. ಮರಳುವ ವಿಮಾನದ ದಿನವೇ ನೀಲ್‌ನಿಂದ ಹೊರಡುವ ಯೋಜನೆ ಮಾತ್ರ ಬೇಡವೇ ಬೇಡ. 2016ರ ಡಿಸೆಂಬರಿನಲ್ಲಿ ಬಿರುಗಾಳಿಗೆ ಹಡಗು ನಿಂತು, ಪಕ್ಕದ ಹ್ಯಾವ್‌ಲಾಕ್ ದ್ವೀಪದಲ್ಲೂ ನೀಲ್‌ನಲ್ಲೂ ಸಿಕ್ಕಿಬಿದ್ದ ಪ್ರವಾಸಿಗರನ್ನು ಕರೆತರಲು ನೌಕಾಪಡೆಯೇ ಹೋಗಬೇಕಾಯಿತು. 2019ರ ಜನವರಿ ಮೊದಲ ವಾರದಲ್ಲೂ ಪಬುಕ್ ಚಂಡಮಾರುತ ಆ ಕಡೆಗೇ ಬಂದಿತ್ತು. ಒಂದು ದಿನ ಮೊದಲೇ ಪಟ್ಟಣಕ್ಕೆ ಬಂದು, ಆ ಸಂಜೆ ಅಮ್ಮನವರಿಗೆ ಸೆಲ್ಯುಲಾರ್ ಜೈಲು ತೋರಿಸಿ.