ಬರೀ ಎರಡು ನಿಮಿಷದ ಕ್ರೈಂ ಓಪನಿಂಗ್ ಮಾಡಿದರೆ ಏನು ಕಲಿಯಬಹುದು?

ನಿಮ್ಮ ಪ್ರಶ್ನೆ ಇದು: ಕೋರ್ಸಿನಲ್ಲಿ ಒಂದು ಕ್ರೈಂ ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ಮಾಡಿಕೊಂಡು ಬನ್ನಿ ಎಂದಿದ್ದಾರೆ, ಮುಂದಿನ ಕಥೆಯೇ ಇಲ್ಲದ ಮೇಲೆ ಇದರಿಂದ ಏನು ಕಲಿಯುವುದಿದೆ, ಸುಮ್ನೆ ಟೈಮ್ ಹಾಳಲ್ವಾ? ವಿದ್ಯಾರ್ಥಿಯಾಗಿದ್ದಾಗ ನಾನೂ ಇದೇ ಕೆಲಸ ಮಾಡಿದ್ದೇನೆ. ನನಗೂ ಆಗ ಹೀಗೇ ಅನಿಸಿತ್ತು. ಹಾಗಾಗಿ ನಮಗೆ ಏನೇನಾಯಿತು ಎಂದು ಹೇಳಿಬಿಡುತ್ತೇನೆ.

ನಾವು ನಾಲ್ಕು ಜನ. ಮೊದಲು ಬರೆದ ಸ್ಕ್ರಿಪ್ಟ್ ಒಂಬತ್ತು ಪುಟ ಇತ್ತು. ಕೊಲೆ, ಕೊಲೆಗಾರನ ಮುಖ, ಓಟ, ಇನ್‌ಸ್ಪೆಕ್ಟರ್ ಬರುವುದು, ಅವನ ಹಳೆಯ ನೋವಿನ ಫ್ಲ್ಯಾಶ್‌ಬ್ಯಾಕ್, ಯಾವುದನ್ನೂ ಬಿಟ್ಟಿರಲಿಲ್ಲ. ಸ್ಕ್ರಿಪ್ಟಿನ ಮಾಮೂಲಿ ಅಚ್ಚಿನಲ್ಲಿ ಬರೆದರೆ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕವಿದೆ. ಅಂದರೆ ನಮ್ಮದು ಒಂಬತ್ತು ನಿಮಿಷದ ಸರಕು. ಕೊಯ್ಯುತ್ತಾ ಕೊಯ್ಯುತ್ತಾ ಕೊನೆಗೆ ಇಷ್ಟು ಉಳಿಯಿತು.

ರಾತ್ರಿ. ಒಬ್ಬ ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದಾನೆ. ಆಚೆ ಕೋಣೆಯ ಮೇಜಿನ ಮೇಲೆ ಒಂದು ಫೋನ್ ವೈಬ್ರೇಟ್ ಆಗುತ್ತದೆ. ಅವನು ಹೋಗಿ ನೋಡುತ್ತಾನೆ. ಪರದೆಯ ಮೇಲೆ ‘ಅಮ್ಮ’ ಎಂದಿದೆ. ಎತ್ತುವುದಿಲ್ಲ. ಫೋನ್ ನಿಲ್ಲುತ್ತದೆ. ಮರಳಿ ಸಿಂಕಿಗೆ ಬರುತ್ತಾನೆ. ಅಲ್ಲಿ ಕಟ್ಟೆಯ ಮೇಲೆ ಅವನ ಸ್ವಂತ ಫೋನ್ ಬಿದ್ದಿದೆ. ಟೈಟಲ್.

ಶವ ಇಲ್ಲ, ರಕ್ತ ಇಲ್ಲ, ಚಾಕು ಇಲ್ಲ. ಆ ಫೋನ್ ಅವನದ್ದಲ್ಲ ಎಂದು ನೋಡುವವನಿಗೆ ಹೊಳೆದರೆ ಸಾಕು, ಉಳಿದದ್ದನ್ನು ಅವನೇ ಕಟ್ಟಿಕೊಳ್ಳುತ್ತಾನೆ. ಹಾಗಂತ ನಮ್ಮ ನಂಬಿಕೆ.

ಮೇಷ್ಟ್ರು ಸ್ಕ್ರಿಪ್ಟ್ ಓದಿ ಒಂದೇ ಪ್ರಶ್ನೆ ಕೇಳಿದರು. ಸತ್ತವನು ಯಾರು? ನಾಲ್ಕು ಜನ ನಾಲ್ಕು ಉತ್ತರ ಕೊಟ್ಟೆವು. ಒಬ್ಬನ ಪ್ರಕಾರ ಗೆಳೆಯ, ಇನ್ನೊಬ್ಬಳ ಪ್ರಕಾರ ತಮ್ಮ, ನನ್ನ ಪ್ರಕಾರ ಗುರುತೇ ಇಲ್ಲದವನು. ನಾಲ್ಕನೆಯವನು, ಯಾರೂ ಸತ್ತೇ ಇಲ್ಲ ಎಂದ. ಇದು ತಮಾಷೆಯಾಗಿ ಕಾಣಬಹುದು. ಆದರೆ ತಮ್ಮನಾದರೆ ಆ ‘ಅಮ್ಮ’ ಇವನಿಗೂ ಅಮ್ಮ. ಆಗ ಫೋನ್ ನೋಡುವ ನೋಟವೇ ಬೇರೆ, ನಿಲ್ಲುವ ಹೊತ್ತು ಬೇರೆ, ಕ್ಯಾಮೆರಾ ಎಷ್ಟು ಹತ್ತಿರ ಹೋಗಬೇಕು ಅನ್ನುವುದೂ ಬೇರೆ. ಮುಂದಿನ ಕಥೆ ಇಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಅದು ಬೇಕು. ತೋರಿಸುವುದಿಲ್ಲ ಅಷ್ಟೇ. ನಾವು ಗೆಳೆಯ ಎಂದು ತೀರ್ಮಾನ ಮಾಡಿದೆವು. ಅರ್ಧ ಪುಟದಲ್ಲಿ ಪೂರ್ತಿ ಕಥೆ ಬರೆದು ನಾಲ್ವರೂ ಇಟ್ಟುಕೊಂಡೆವು.

ಇನ್ನು ಶೂಟಿಂಗ್. ಹದಿನೆಂಟು ಶಾಟ್ ಲಿಸ್ಟ್ ಮಾಡಿಕೊಂಡು ಒಂದೇ ರಾತ್ರಿಯಲ್ಲಿ ಮುಗಿಸುವ ಧೈರ್ಯ ನಮ್ಮದು. ಮೊದಲ ರಾತ್ರಿ ಮುಗಿದದ್ದು ಐದು. ಶಾಟ್ ತೆಗೆಯುವುದು ಎರಡು ನಿಮಿಷದ ಕೆಲಸ. ಕ್ಯಾಮೆರಾ ಜಾಗ ಬದಲಿಸಿ, ಲೈಟು ಸರಿಸಿ, ಫ್ರೇಮಿನಲ್ಲಿ ಕಾಣುವ ಬೇಡದ ವಸ್ತು ಎತ್ತಿಟ್ಟು, ಮತ್ತೆ ಫೋಕಸ್ ನೋಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಎರಡನೆಯ ರಾತ್ರಿ ಲಿಸ್ಟನ್ನು ಹನ್ನೊಂದಕ್ಕೆ ಇಳಿಸಿದೆವು. ಬಿಟ್ಟ ಏಳು ಶಾಟ್ ಯಾವುವು ಎಂದು ಈಗ ನೆನಪೂ ಇಲ್ಲ.

ಕತ್ತಲು ನಮಗೆ ಚೆನ್ನಾಗಿ ಬುದ್ಧಿ ಕಲಿಸಿತು. ಕ್ರೈಂ ಅಂದರೆ ಕತ್ತಲು ಅಲ್ವಾ ಎಂದು ಲೈಟುಗಳನ್ನೆಲ್ಲ ಆರಿಸಿ ತೆಗೆದೆವು. ಏನೂ ಕಾಣಲಿಲ್ಲ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದೆವು. ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ನಾಯ್ಸ್ ಬಂತು. ಆಮೇಲೆ ತಿಳಿದದ್ದು, ತೆರೆಯ ಮೇಲಿನ ಕತ್ತಲು ಅಂದರೆ ಒಂದು ಕಡೆ ಸಾಕಷ್ಟು ಬೆಳಕು, ಉಳಿದ ಕಡೆ ಇಲ್ಲದಿರುವುದು. ಒಂದೇ ಒಂದು ಟೇಬಲ್ ಲ್ಯಾಂಪನ್ನು ಅವನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇಟ್ಟೆವು. ಕೆನ್ನೆಯ ಅಂಚು, ಕಿವಿ, ನೀರು ಬೀಳುವ ಕೈ ಕಂಡವು. ಮುಖದ ಇನ್ನೊಂದು ಅರ್ಧ ಮಾಯ. ಲ್ಯಾಂಪನ್ನು ಎರಡು ಪಟ್ಟು ದೂರ ಇಟ್ಟರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಶಾಲೆಯ ಫಿಸಿಕ್ಸಿನಲ್ಲಿ ಓದಿ ಮರೆತ ಈ ವಿಷಯ ಅವತ್ತು ಕಣ್ಣಿಗೇ ಕಂಡಿತು. ಲ್ಯಾಂಪನ್ನು ಹತ್ತಿರ ತಂದು ಕ್ಯಾಮೆರಾದ ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಇಳಿಸಿದರೆ ಹಿಂದಿನ ಗೋಡೆ ತಾನಾಗಿ ಕಪ್ಪಾಗುತ್ತದೆ.

ಫೋನಿನಲ್ಲಿ ಶೂಟ್ ಮಾಡುವುದಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ. ನಮ್ಮ ಮೇಜಿನ ಫೋನ್ ಬೆಳಗಿದ ಕೂಡಲೇ ಕ್ಯಾಮೆರಾ ಹೆದರಿ ಇಡೀ ಕೋಣೆಯನ್ನು ಕಪ್ಪು ಮಾಡುತ್ತಿತ್ತು. ಆ ಪರದೆಯ ಬ್ರೈಟ್‌ನೆಸ್ ಕೂಡ ತೀರಾ ಕಡಿಮೆ ಮಾಡಬೇಕಾಯಿತು, ಇಲ್ಲದಿದ್ದರೆ ‘ಅಮ್ಮ’ ಬದಲು ಬರೀ ಬಿಳಿ ಚೌಕ ಕಾಣುತ್ತದೆ. ಇನ್ನೊಂದು, ಮನೆಯ ಕರೆಂಟು 50 ಹರ್ಟ್ಸ್ ಇದ್ದಲ್ಲಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, 1/50 ಅಥವಾ 1/100 ಸೆಕೆಂಡ್ ಇಟ್ಟರೆ ಸರಿ. ನಾವು ಬೇರೇನೋ ಇಟ್ಟು, ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ನೆರಳು ಹರಿದಾಡಿತು. ಐದು ಶಾಟಿನಲ್ಲಿ ಎರಡು ಹೀಗೇ ಹೋದವು.

ಕಂಟಿನ್ಯೂಟಿ, ಅಂದರೆ ಒಂದು ಶಾಟಿನಲ್ಲಿ ಕಂಡದ್ದು ಮುಂದಿನ ಶಾಟಿನಲ್ಲೂ ಹಾಗೇ ಇರುವುದು, ಇದರ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ಯಾರೂ ಕೇಳಿರುವುದಿಲ್ಲ. ನಮ್ಮ ಫ್ರೇಮಿನಲ್ಲಿ ಗೋಡೆ ಗಡಿಯಾರ ಇತ್ತು. ಎಡಿಟಿಂಗಿಗೆ ಕೂತಾಗ ನೋಡಿದರೆ ಮನುಷ್ಯ ಒಂಬತ್ತೂ ಹತ್ತಕ್ಕೆ ನಲ್ಲಿ ತಿರುಗಿಸಿ ಹನ್ನೆರಡೂವರೆಗೆ ನಿಲ್ಲಿಸುತ್ತಿದ್ದಾನೆ. ಮೂರು ಗಂಟೆ ಕೈ ತೊಳೆದ ಕೊಲೆಗಾರ! ಮೊದಲು ಗಡಿಯಾರದ ಬ್ಯಾಟರಿ ತೆಗೆದಿಡಿ. ಮೇಜಿನ ಫೋನಿನ ಮೇಲೂ ಟೈಮು, ಬ್ಯಾಟರಿಯ ಶೇಕಡಾ ಎರಡೂ ಕಾಣುತ್ತವೆ ಎಂದು ನೆನಪಿರಲಿ. ನೀರಿನ ಕೆಲಸವಂತೂ ಇನ್ನೂ ಕಷ್ಟ. ಒಂದು ಶಾಟಿನಲ್ಲಿ ಒದ್ದೆ ತೋಳು, ಮುಂದಿನದರಲ್ಲಿ ಒಣ ತೋಳು. ಪ್ರತಿ ಟೇಕ್ ಆದ ಮೇಲೆ ಒಂದು ಫೋಟೋ ತೆಗೆದಿಡಲು ಒಬ್ಬರನ್ನು ನೇಮಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

(ಫೋನಿಗೆ ಕರೆ ಬರಲೆಂದು ನಮ್ಮಲ್ಲೊಬ್ಬನ ನಂಬರನ್ನು ‘ಅಮ್ಮ’ ಎಂದು ಸೇವ್ ಮಾಡಿದ್ದೆವು. ನಾಲ್ಕನೇ ಟೇಕಿನ ನಡುವೆ ಫೋನಿನ ಒಡತಿಯ ನಿಜವಾದ ಅಮ್ಮನೇ ಕರೆ ಮಾಡಿದರು, ಫೋಟೋ ಸಮೇತ. ನಟ ಎತ್ತಲಿಲ್ಲ. ಆಮೇಲೆ ಅವಳು ಮನೆಯಲ್ಲಿ ಬೈಸಿಕೊಂಡಳು.)

ನಮ್ಮ ನಟ ಒಳ್ಳೆಯ ಹುಡುಗ. ಆದರೆ ಕ್ಯಾಮೆರಾ ಓಡಿದ ಕೂಡಲೇ ಹುಬ್ಬು ಗಂಟಿಕ್ಕಿ ಖಳನಾಯಕ ಆಗಿಬಿಡುತ್ತಿದ್ದ. ಎಷ್ಟು ಹೇಳಿದರೂ ಇಳಿಯಲಿಲ್ಲ. ಕೊನೆಗೆ, ‘ನೀರು ತಣ್ಣಗಿದೆಯಾ ಬೆಚ್ಚಗಿದೆಯಾ ನೋಡಿ ಹೇಳು, ಸಾಕು’ ಎಂದೆವು. ಆ ಟೇಕೇ ಸಿನಿಮಾದಲ್ಲಿದೆ. ಇದರ ಹಿಂದಿನ ಗುಟ್ಟು ಹಳೆಯದು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಅಂಟಿಸಿ ತೋರಿಸಿದರಂತೆ. ನೋಡಿದವರು ಹಸಿವನ್ನೂ ದುಃಖವನ್ನೂ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಎಂದರಂತೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ನೀರಿನ ಬಿಸಿ ನೋಡುತ್ತಿರುವ ಮುಖ ‘ಅಮ್ಮ’ ಎಂಬ ಪರದೆಯ ಪಕ್ಕ ಬಂದಾಗ ನನಗೇ ಮೈ ಜುಂ ಎಂದಿತು.

ಸೌಂಡ್ ಬಗ್ಗೆ ಇನ್ನೂ ಜಾಸ್ತಿ ಬರೆಯಬಹುದು. ಒಂದೆರಡು ಹೇಳುತ್ತೇನೆ. ಕಿವಿ ಫ್ರಿಜ್ಜಿನ ಗುಂಯ್ ಸದ್ದನ್ನು ಮರೆಯುತ್ತದೆ, ಮೈಕ್ ಮರೆಯುವುದಿಲ್ಲ. ಫ್ರಿಜ್ ಆರಿಸಿ, ಗಾಡಿಯ ಕೀಯನ್ನು ಫ್ರಿಜ್ಜಿನೊಳಗೇ ಇಡಿ. ಮತ್ತೆ ಆನ್ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ. ಸೌಂಡ್ ಕೆಲಸದವರ ಹಳೆಯ ಉಪಾಯ ಇದು. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ರೂಂ ಟೋನ್ ಅನ್ನುತ್ತಾರೆ. ಕಟ್ ಮಾಡಿದ ಕಡೆಯಲ್ಲೆಲ್ಲ ಅದು ತೇಪೆಯಾಗುತ್ತದೆ. ವೈಬ್ರೇಷನ್ ಸದ್ದನ್ನು ನಾವು ಬೇರೆಯಾಗಿ ಮರ, ಗಾಜು, ಸ್ಟೀಲ್ ತಟ್ಟೆ ಮೂರರ ಮೇಲೂ ಫೋನಿಟ್ಟು ತೆಗೆದೆವು. ಮರದ್ದು ಗೆದ್ದಿತು, ಹೊಟ್ಟೆಯೊಳಗೆ ಕೇಳಿಸುವ ಹಾಗಿತ್ತು.

ಸಂಗೀತವನ್ನು ಮೊದಲು ಹಾಕಿ ಆಮೇಲೆ ತೆಗೆದೆವು. ಡರ್‌ರ್ ಎಂದು ಹೆದರಿಸುವ ಟ್ಯೂನ್ ಮೊದಲ ಸೆಕೆಂಡಿನಲ್ಲೇ ‘ಇವನು ಕೆಟ್ಟವನು’ ಎಂದು ಕೂಗಿ ಹೇಳುತ್ತಿತ್ತು. ಎಷ್ಟೋ ಗಂಟೆ ಕೂತು ಮುಚ್ಚಿಟ್ಟ ವಿಷಯವನ್ನು ಅದು ಬಾಯಿ ಬಿಡುತ್ತಿತ್ತು.

ಈಗ ನಿಜವಾದ ಪಾಠಕ್ಕೆ ಬರುತ್ತೇನೆ. ಎಡಿಟ್ ಮುಗಿಸಿ ಹೆಮ್ಮೆಯಿಂದ ಒಬ್ಬ ಗೆಳತಿಗೆ ತೋರಿಸಿದೆವು. ಅವಳಿಗೆ ಏನೂ ಗೊತ್ತಿರಲಿಲ್ಲ. ನೋಡಿ ಹೇಳಿದಳು: ‘ಪಾಪ, ಅಮ್ಮನ ಹತ್ತಿರ ಜಗಳ ಆಡಿದ್ದಾನೆ ಅನಿಸುತ್ತೆ. ಫ್ಯಾಮಿಲಿ ಸಿನಿಮಾನಾ?’

ಯಾರಿಗೂ ಮಾತು ಬರಲಿಲ್ಲ. ಕಟ್ಟೆಯ ಮೇಲೆ ಅವನ ಸ್ವಂತ ಫೋನ್ ಬಿದ್ದಿರುವ ಶಾಟ್ ಇತ್ತಲ್ಲ, ಅದು ಹನ್ನೆರಡು ಫ್ರೇಮ್ ಇತ್ತು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡ್. ನಾವು ಅದನ್ನು ನೂರು ಸಲ ನೋಡಿದ್ದೆವು. ನಮ್ಮ ಕಣ್ಣಿಗೆ ಅದು ಬೇಕಾದಷ್ಟು ಉದ್ದವೇ ಇತ್ತು. ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಎರಡೂವರೆ ಸೆಕೆಂಡಿಗೆ ಎಳೆದೆವು. ಮುಂದಿನವನಿಗೆ ಅರ್ಥವಾಯಿತು, ಆದರೆ ಎಲ್ಲ ಮುಗಿದ ಮೇಲೆ ‘ಓ, ಹಾಗಾ’ ಎಂದ, ಅಷ್ಟೇ. ಆಗ ನಮ್ಮಲ್ಲೊಬ್ಬಳು ಆ ಶಾಟನ್ನು ಎತ್ತಿ ಮುಂದಕ್ಕೆ ಹಾಕಿದಳು. ಈಗ ಹೀಗಾಯಿತು: ಅವನು ಕೈ ತೊಳೆಯುತ್ತಿದ್ದಾನೆ. ವೈಬ್ರೇಷನ್ ಕೇಳುತ್ತದೆ. ಕಣ್ಣು ಕಟ್ಟೆಯ ಕಡೆ ಹೋಗುತ್ತದೆ. ಅಲ್ಲಿ ಅವನ ಫೋನ್ ಕಪ್ಪಾಗಿ, ಸುಮ್ಮನೆ ಬಿದ್ದಿದೆ. ಸದ್ದು ನಿಂತಿಲ್ಲ. ಅವನು ನಿಧಾನವಾಗಿ ತಲೆ ಎತ್ತುತ್ತಾನೆ.

ಹೊಸದಾಗಿ ಒಂದು ಶಾಟೂ ತೆಗೆಯಲಿಲ್ಲ. ಆದರೆ ಈಗ ಅವನು ಮೇಜಿನವರೆಗೆ ನಡೆಯುವ ಹನ್ನೊಂದು ಸೆಕೆಂಡ್ ನೋಡಲು ಆಗುತ್ತಿರಲಿಲ್ಲ, ಅಷ್ಟು ಬಿಗಿ. ಆಮೇಲೆ ‘ಅಮ್ಮ’ ಕಂಡಾಗ ನೋಡುತ್ತಿದ್ದ ಮೂರನೆಯವನು ‘ಅಯ್ಯೋ’ ಎಂದ. ಮೇಜಿನ ಕೆಳಗೆ ಬಾಂಬ್ ಇರುವುದನ್ನು ಮೊದಲೇ ತೋರಿಸದಿದ್ದರೆ ಸಿಡಿದಾಗ 15 ಸೆಕೆಂಡಿನ ಬೆಚ್ಚಿಬೀಳುವಿಕೆ, ಮೊದಲೇ ತೋರಿಸಿದರೆ 15 ನಿಮಿಷದ ತಳಮಳ ಎಂದು ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ವಿವರಿಸಿದ್ದು ತುಂಬ ಜನಕ್ಕೆ ಗೊತ್ತು. ನನಗೂ ಗೊತ್ತಿತ್ತು. ಆದರೂ ನಾವು ನಮ್ಮ ಬಾಂಬನ್ನು ಕೊನೆಗೆ, ಅದೂ ಅರ್ಧ ಸೆಕೆಂಡ್ ಇಟ್ಟಿದ್ದೆವು. ಮುಚ್ಚಿಡುವುದೇ ಜಾಣತನ ಎಂದುಕೊಂಡಿದ್ದೆವು. ಯಾವುದನ್ನು ಯಾವಾಗ ಬಿಟ್ಟುಕೊಡಬೇಕು ಎಂಬುದು ಬೇರೆಯೇ ವಿದ್ಯೆ. ಒಂಬತ್ತು ನಿಮಿಷದ ಸಿನಿಮಾ ಮಾಡಿದ್ದರೆ ಈ ತಪ್ಪು ಎಲ್ಲೋ ನಡುವೆ ಹೂತುಹೋಗಿ ಕಾಣುತ್ತಲೇ ಇರಲಿಲ್ಲ. ಎರಡೇ ನಿಮಿಷ ಇದ್ದದ್ದರಿಂದ ಸಿಕ್ಕಿಬಿತ್ತು.

ಟೈಟಲ್ ಕಾರ್ಡ್ ಬಗ್ಗೆ ಸಣ್ಣ ಮಾತು. ಹನ್ನೆರಡು ಕಾರ್ಡ್‌ಗಳಲ್ಲಿ ಅದೇ ನಾಲ್ಕು ಹೆಸರು ತಿರುತಿರುಗಿ ಬಂದರೆ ಜನ ನಗುತ್ತಾರೆ. ಕಡಿಮೆ ಇಡಿ. ಮುಖ್ಯವಾದದ್ದು ನಡೆಯುವ ಜಾಗದ ಮೇಲೆ ಅಕ್ಷರ ಹಾಕಬೇಡಿ. ಕಣ್ಣು ಮೊದಲು ಓದಲು ಓಡುತ್ತದೆ.

ಆಟಿಕೆ ಗನ್ ಹಿಡಿದು ಬೀದಿಯಲ್ಲಿ ಓಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ದೂರದಿಂದ ನೋಡುವವನಿಗೆ ಕ್ಯಾಮೆರಾ ಕಾಣುವುದಿಲ್ಲ, ಗನ್ ಕಾಣುತ್ತದೆ. ಬೇಕೇ ಬೇಕು ಎಂದರೆ ಅನುಮತಿ ಪಡೆದು, ಸುತ್ತಲಿನವರಿಗೂ ಪೊಲೀಸರಿಗೂ ಮೊದಲೇ ತಿಳಿಸಿ ಮಾಡಿ. ನಾವು ಮೊದಲ ಸ್ಕ್ರಿಪ್ಟಿನ ಓಟದ ದೃಶ್ಯವನ್ನು ಕೈಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ನಿಮ್ಮದು ಮುಗಿದಾಗ ಏನೂ ಗೊತ್ತಿಲ್ಲದ ಮೂರು ಜನಕ್ಕೆ ಒಬ್ಬೊಬ್ಬರನ್ನೇ ಕೂರಿಸಿ ತೋರಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಇದೆ ಅನ್ನುತ್ತಾರೆ. ‘ಏನಾಯ್ತು ಹೇಳು’ ಎಂದು ಕೇಳಿ. ಅವರು ತಪ್ಪು ಕಥೆ ಹೇಳತೊಡಗಿದಾಗ ಬಾಯಿ ಹಾಕಿ ತಿದ್ದಬೇಡಿ, ಬರೆದುಕೊಳ್ಳಿ. ನನ್ನ ಕೈಲಿ ಮೊದಲ ಸಲ ಆಗಲಿಲ್ಲ. ಗೆಳತಿ ‘ಫ್ಯಾಮಿಲಿ ಸಿನಿಮಾನಾ’ ಎಂದಾಗ ಹತ್ತು ನಿಮಿಷ ಅವಳ ಜೊತೆ ವಾದ ಮಾಡಿದ್ದೆ.