ಮಗಳನ್ನು ಕೀನ್ಯಾ ಅಧ್ಯಯನ ಪ್ರವಾಸಕ್ಕೆ ಕಳಿಸಬಹುದಾ?

ಎಂಬಿಎ ಓದುತ್ತಿರುವ ಮಗಳನ್ನು ಕಾಲೇಜಿನವರು ಹತ್ತು ದಿನ ಕೀನ್ಯಾಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಅಷ್ಟು ದುಡ್ಡು ಕೊಟ್ಟು ಅಲ್ಲಿ ಕಲಿಯೋದು ಏನಿದೆ ಅಂತ ಕೇಳಿದ್ದೀರಿ. ನಾನು ಓದುವಾಗ ಇಂಥದ್ದೇ ಪ್ರವಾಸದಲ್ಲಿ ನೈರೋಬಿಗೆ ಹೋಗಿದ್ದೆ. ಕೈಲಾಗುವುದಾದರೆ ಖಂಡಿತ ಕಳಿಸಿ. ಆದರೆ ಮೊದಲು ಯಾವ ದಿನ ಎಲ್ಲಿಗೆ ಹೋಗುತ್ತಾರೆ ಅನ್ನುವ ಪಟ್ಟಿ ತರಿಸಿಕೊಂಡು ನೋಡಿ. ಬರೀ ಕಂಪನಿ ಆಫೀಸು, ಸಫಾರಿ ಇಷ್ಟೇ ಇದ್ದರೆ, ಬಜಾರಿಗೂ ಎರಡು ದಿನ ಕೊಡಿ ಅಂತ ಕಾಲೇಜಿನವರನ್ನು ಕೇಳಿ.

ನಾನು ಜಾಸ್ತಿ ಕಲಿತದ್ದು ಹಸಿರು ಬಣ್ಣದ ಒಂದು ಪುಟ್ಟ ಅಂಗಡಿಯಲ್ಲಿ. ಎಂ-ಪೆಸಾ ಏಜೆಂಟ್ ಅಂಗಡಿ ಅದು. 2007ರಲ್ಲಿ ಸಫಾರಿಕಾಮ್ ಅನ್ನುವ ಮೊಬೈಲ್ ಕಂಪನಿ ಶುರು ಮಾಡಿದ ಎಂ-ಪೆಸಾಗೆ ಬ್ಯಾಂಕ್ ಖಾತೆ ಬೇಡ, ಸ್ಮಾರ್ಟ್‌ಫೋನೂ ಬೇಡ. ಬಟನ್ ಫೋನಿನಲ್ಲೇ ಹಣ ಕಳಿಸಬಹುದು. ನಮ್ಮಲ್ಲಿ ಯುಪಿಐ ಇದೆಯಲ್ಲ, ಇದರಲ್ಲೇನು ಹೊಸದು ಅಂತ ನಮ್ಮ ಗುಂಪಿನವರು ಮೊದಲ ದಿನ ಮಾತಾಡಿಕೊಂಡೆವು. ಆದರೆ ಯುಪಿಐ ಹಿಂದೆ ಬ್ಯಾಂಕ್ ಇದೆ. ಇಲ್ಲಿ ಬ್ಯಾಂಕಿನ ಜಾಗದಲ್ಲಿ ಕೂತಿರೋದು ಆ ಅಂಗಡಿಯ ಹೆಂಗಸು.

ನೀವು ಆಕೆಗೆ ನೋಟು ಕೊಟ್ಟರೆ ತನ್ನ ಫೋನಿನಲ್ಲಿರುವ ಹಣದಿಂದ ಅಷ್ಟನ್ನು ನಿಮ್ಮ ಫೋನಿಗೆ ಹಾಕುತ್ತಾರೆ. ಫೋನಿನ ಆ ಹಣಕ್ಕೆ ಫ್ಲೋಟ್ ಅಂತಾರೆ. ನಿಮಗೆ ನೋಟು ಬೇಕಾದರೆ ಇದೇ ಲೆಕ್ಕ ಉಲ್ಟಾ. ಪೇಟೆಯಲ್ಲಿ ದುಡಿದು ಊರಿಗೆ ಕಳಿಸುವವರೇ ಜಾಸ್ತಿ. ಹಾಗಾಗಿ ಪೇಟೆಯ ಏಜೆಂಟರ ಗಲ್ಲಾ ತುಂಬಿ ಫ್ಲೋಟ್ ಮುಗಿಯುತ್ತದೆ. ಹಳ್ಳಿಯಲ್ಲಿ ಎಲ್ಲರೂ ಬಿಡಿಸಿಕೊಳ್ಳುವವರೇ, ಅಲ್ಲಿ ಗಲ್ಲಾ ಖಾಲಿ. ಮತ್ತೆ ಬ್ಯಾಂಕಿಗೆ ಓಡಬೇಕು. ಅಷ್ಟು ಹೊತ್ತು ಅಂಗಡಿ ಮುಚ್ಚಿದರೆ ಕಮಿಷನ್ ಹೋಯಿತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರ ನಡೆಸಲು ಕೈಯಲ್ಲಿರಬೇಕಾದ ದುಡ್ಡು) ಅನ್ನುವ ಮಾತು ನನಗೆ ಅರ್ಥವಾಗಿದ್ದು ಆ ಮಧ್ಯಾಹ್ನ.

ನೈರೋಬಿಯ ಗಿಕೊಂಬಾ ಮಾರುಕಟ್ಟೆಗೂ ಹೋಗಲಿ. ಹೊರದೇಶಗಳಿಂದ ಬರುವ ಹಳೇ ಬಟ್ಟೆ ಅಲ್ಲಿ ಮಾರಾಟವಾಗುತ್ತದೆ. ಅದಕ್ಕೆ ಮಿತುಂಬಾ ಅಂತಾರೆ, ಅಂದರೆ ಮೂಟೆಗಳು. ವ್ಯಾಪಾರಿ ಕಟ್ಟು ಬಿಚ್ಚದ ಮೂಟೆಯನ್ನೇ ಕೊಳ್ಳಬೇಕು. ಒಳಗೆ ಒಳ್ಳೆ ಅಂಗಿ ಎಷ್ಟಿವೆ, ಹರಿದದ್ದೆಷ್ಟು, ದುಡ್ಡು ಕೊಟ್ಟ ಮೇಲೇ ಗೊತ್ತಾಗೋದು. ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಚಾಮಾ ಇದೆ. ಗೆಳತಿಯರು, ನೆರೆಹೊರೆಯವರು ಸೇರಿ ತಿಂಗಳು ತಿಂಗಳು ದುಡ್ಡು ಹಾಕಿ ಸರದಿಯಲ್ಲಿ ಎತ್ತಿಕೊಳ್ಳುತ್ತಾರೆ. ನಮ್ಮ ಅಮ್ಮಂದಿರ ಚೀಟಿ ಥರಾನೇ ಅಲ್ವಾ?

ಇನ್ನೊಂದು ಮಾತು ಮಗಳಿಗೆ ಹೇಳಿ. ಅಂಗಡಿಗೆ ಹೋದ ತಕ್ಷಣ ರೇಟು ಕೇಳಬಾರದು. ಮೊದಲು 'ಹಬಾರಿ' ಅನ್ನಬೇಕು, ಹೇಗಿದ್ದೀರಿ ಅಂತ. ನಾವು ಸೀದಾ ಪ್ರಶ್ನೆಪಟ್ಟಿ ತೆಗೆದಾಗ ಯಾರೂ ಸರಿಯಾಗಿ ಮಾತಾಡಲಿಲ್ಲ. ಕುಶಲ ಕೇಳಲು ಶುರು ಮಾಡಿದ ಮೇಲೆ ಕೂರಿಸಿ ಚಾಯ್ ಕೊಟ್ಟರು. ಹೌದು, ಅಲ್ಲೂ ಅದು ಚಾಯ್. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ದುಕಾ, ಚೆಕ್ಕಿಗೆ ಹುಂಡಿ. ಹಿಂದೂ ಮಹಾಸಾಗರದ ವ್ಯಾಪಾರ ಬಿಟ್ಟುಹೋದ ಮಾತುಗಳಿವು. 1896ರಿಂದ 1901ರವರೆಗೆ ಕೀನ್ಯಾದ ಬಂದರು ಮೊಂಬಾಸಾದಿಂದ ರೈಲು ಹಳಿ ಹಾಕಲು ಬ್ರಿಟಿಷರು ನಮ್ಮ ದೇಶದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಜನ ಅಲ್ಲೇ ಸತ್ತರು. ನೈರೋಬಿಯ ರೈಲ್ವೆ ಮ್ಯೂಸಿಯಂ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ.

ಊಟದ ಚಿಂತೆ ಬೇಡ. ಉಗಾಲಿ ಅಂದರೆ ಜೋಳದ ಹಿಟ್ಟಿನ ಮುದ್ದೆ (ಮುಸುಕಿನ ಜೋಳ), ಜೊತೆಗೆ ಸೊಪ್ಪಿನ ಪಲ್ಯ. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ನಾಡೇ. ಅಲ್ಲಿ ಅದಕ್ಕೆ ವಿಂಬಿ ಅಂತಾರೆ, ಬೆಳಗ್ಗೆ ಅದರದ್ದೇ ಗಂಜಿ ಕುಡಿಯುತ್ತಾರೆ. ಮಂಡ್ಯದ ಗೆಳತಿಯೊಬ್ಬಳು ಮೊದಲ ಲೋಟ ಕುಡಿದು ಸುಮ್ನೆ ಕೂತುಬಿಟ್ಟಳು, ಅಜ್ಜಿ ನೆನಪಾಯಿತಂತೆ.

ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದರ ಕಾರ್ಡ್ ಕೇಳುತ್ತಾರೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ, ಹೊರಡಲು ಹತ್ತು ದಿನ ಮುಂಚೆಯಾದರೂ ಹಾಕಿಸಿರಬೇಕು.