ಮೂರು ಅಡಿ ಟ್ಯಾಂಕಿನಲ್ಲಿ ಯಾವ ಸಿಕ್ಲಿಡ್‌ಗಳು ಒಟ್ಟಿಗೆ ಬಾಳುತ್ತವೆ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಮನೆಯಲ್ಲಿ ಮೂರು ಅಡಿ ಉದ್ದದ ಟ್ಯಾಂಕ್ ಇದೆ, ನೀರು ಬೋರ್‌ವೆಲ್‌ನದು, ಮೀನು ಸಾಕುವುದು ಇದೇ ಮೊದಲು. ಆಸ್ಕರ್, ಏಂಜೆಲ್, ಎಲೆಕ್ಟ್ರಿಕ್ ಯೆಲ್ಲೋ, ಫ್ಲವರ್‌ಹಾರ್ನ್ ಇವುಗಳ ಮರಿಗಳನ್ನು ಎರಡೆರಡರಂತೆ ತಂದು ಬಿಟ್ಟರೆ, ಚಿಕ್ಕಂದಿನಿಂದ ಜೊತೆಗೆ ಬೆಳೆದು ಹೊಂದಿಕೊಳ್ಳುವುದಿಲ್ಲವೇ?

ಹೊಂದಿಕೊಳ್ಳುವುದಿಲ್ಲ. ನಾಲ್ಕೂ ಸಿಕ್ಲಿಡ್ ಕುಟುಂಬಕ್ಕೇ ಸೇರಿದವು ನಿಜ, ಆದರೆ ನಮ್ಮ ಕೆರೆಯ ಜಿಲೇಬಿ ಮೀನೂ ಅದೇ ಕುಟುಂಬದ್ದು. ಒಂದೇ ಕುಟುಂಬ ಎಂದ ಮಾತ್ರಕ್ಕೆ ಒಂದೇ ಸೂರಿನಡಿ ಇರಬಲ್ಲವು ಎಂದು ಮನುಷ್ಯರ ವಿಷಯದಲ್ಲೇ ಹೇಳುವಂತಿಲ್ಲ. ಆಸ್ಕರ್ ದಕ್ಷಿಣ ಅಮೆರಿಕದ ನದಿಗಳ ಮೀನು. ಅಂಗಡಿಯಲ್ಲಿ ಎರಡು ಇಂಚಿದ್ದದ್ದು ಒಂದು ಅಡಿಗೆ ಬೆಳೆಯುತ್ತದೆ, ಬಾಯಿಗೆ ಹಿಡಿಯುವ ಯಾವುದನ್ನೂ ಬಿಡುವುದಿಲ್ಲ. ಏಂಜೆಲ್ ಕೂಡ ಆ ಕಡೆಯದೇ, ಆದರೆ ನಿಧಾನಿ. ಅದರ ಉದ್ದ ರೆಕ್ಕೆಗಳನ್ನು ಕಂಡರೆ ಚುರುಕು ಮೀನುಗಳಿಗೆ ಕಚ್ಚಿ ನೋಡುವ ಆಸೆ. ಎಲೆಕ್ಟ್ರಿಕ್ ಯೆಲ್ಲೋ ಆಫ್ರಿಕಾದ ಮಲಾವಿ ಸರೋವರದ್ದು. ಫ್ಲವರ್‌ಹಾರ್ನ್‌ಗಂತೂ ಹುಟ್ಟೂರೇ ಇಲ್ಲ. ಮಧ್ಯ ಅಮೆರಿಕದ ಜಗಳಗಂಟ ಸಿಕ್ಲಿಡ್‌ಗಳನ್ನು ಬೆರೆಸಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಸೃಷ್ಟಿಸಿದ ಮಿಶ್ರತಳಿ ಅದು. ಇಡೀ ಟ್ಯಾಂಕನ್ನು ಅದೊಂದಕ್ಕೇ ಬರೆದುಕೊಡಬೇಕು.

'ಚಿಕ್ಕಂದಿನಿಂದ ಜೊತೆಗೆ ಬೆಳೆದರೆ' ಎಂದಿರಲ್ಲ, ಹನ್ನೊಂದು ವರ್ಷದ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಂಗಡಿಯ ಒಂದು ಟ್ಯಾಂಕಿಗೆ 'ಮಿಕ್ಸ್ ಆಫ್ರಿಕನ್' ಎಂದು ಚೀಟಿ ಅಂಟಿಸಿದ್ದರು. ಬಣ್ಣ ನೋಡಿ ಹತ್ತು ಮರಿ ಆರಿಸಿದೆ. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಹಳದಿ ಮೈಗೆ ಕಪ್ಪು ಪಟ್ಟೆ ಎಳೆದಂತಿದ್ದ ಒಂದು ಮರಿ. ಐದು ತಿಂಗಳು ಮನೆಯಲ್ಲಿ ರಾಮರಾಜ್ಯ. ಆಮೇಲೆ ಆ ಹಳದಿ ಮೀನು ಹೊಟ್ಟೆಯ ಕಡೆಯಿಂದ ಕಪ್ಪಾಗತೊಡಗಿತು. ಕೆಲವು ದಿನಗಳಲ್ಲಿ ಮೈಯೆಲ್ಲ ಕಡುಗಪ್ಪಾಗಿ, ಪಟ್ಟೆ ಮಾತ್ರ ತಿಳಿಬಣ್ಣದ್ದಾಯಿತು. 'ಈ ಹೊಸ ಮೀನು ಯಾವಾಗ ತಂದೆ?' ಎಂದು ಅಮ್ಮ ಕೇಳಿದರು. ಹೊಸದಲ್ಲ, ಹಳೆಯದೇ. ಅದರ ಹೆಸರು ಔರಾಟಸ್ ಎಂದೂ, ಗಂಡು ಪ್ರಾಯಕ್ಕೆ ಬಂದಾಗ ಹೀಗೆ ಬಣ್ಣ ತಿರುವುಮುರುವಾಗುತ್ತದೆ ಎಂದೂ, ಮಲಾವಿ ಮೀನುಗಳಲ್ಲೇ ಅತಿ ಮುಂಗೋಪಿ ಅದು ಎಂದೂ ನನಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು.

ಟ್ಯಾಂಕಿನ ನಡುವಿನ ಕಲ್ಲುಗುಡ್ಡೆ ಅದರದ್ದಾಯಿತು. ಉಳಿದ ಒಂಬತ್ತೂ ಮೇಲಿನ ಮೂಲೆಯಲ್ಲಿ, ಫಿಲ್ಟರಿನ ನೀರು ಬೀಳುವ ಜಾಗದಲ್ಲಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದವರಂತೆ ಒತ್ತಾಗಿ ನಿಂತಿರುತ್ತಿದ್ದವು. ಬಾಲಗಳು ಸವೆದ ಪೊರಕೆಯಂತಾಗಿದ್ದವು. ಕಾಳು ಹಾಕಿದರೆ ಕೆಳಗಿಳಿಯುವ ಧೈರ್ಯ ಯಾವುದಕ್ಕೂ ಇರಲಿಲ್ಲ. ಮೂರು ವಾರದಲ್ಲಿ ಆರು ಸತ್ತವು. ಕಚ್ಚಿಸಿಕೊಂಡು ಸತ್ತವಕ್ಕಿಂತ ಹೆದರಿಕೆಯಲ್ಲಿ, ಹಸಿವಿನಲ್ಲಿ ಸೊರಗಿ ಸತ್ತವೇ ಹೆಚ್ಚು. ಕೊನೆಗೆ ಔರಾಟಸ್‌ನನ್ನು ತೆಗೆದು ಅಂಗಡಿಗೆ ಹಿಂದಿರುಗಿಸಿದೆ. ಮಾರನೆಯ ದಿನವೇ ಎರಡನೆಯ ಸ್ಥಾನದಲ್ಲಿದ್ದ ನೀಲಿ ಮೀನು ಆ ಗುಡ್ಡೆಯ ಪಟ್ಟವೇರಿತು.

ಹಾಗಾಗಿ 'ಯಾವುದಕ್ಕೆ ಯಾವುದು ಹೊಂದುತ್ತದೆ' ಎಂಬ ಪಟ್ಟಿಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಸಿಕ್ಲಿಡ್‌ಗಳ ಜಗಳ ನಮ್ಮ ಹಳ್ಳಿಗಳ ಬದುವಿನ ಜಗಳದಂತೆ. ಅಲ್ಲಿ ಪ್ರಶ್ನೆ ಸ್ವಭಾವದ್ದಲ್ಲ, ನೆಲದ್ದು. ಪ್ರಾಯಕ್ಕೆ ಬಂದ ಗಂಡಿಗೆ ಒಂದು ಗುಹೆ, ಅದರ ಮುಂದೆ ಒಂದಷ್ಟು ಅಂಗಳ ಬೇಕು. ನಿಮ್ಮ ಟ್ಯಾಂಕಿನಲ್ಲಿ ಅಂಥ ಎಷ್ಟು ತುಂಡು ನೆಲವಿದೆ ಎಂಬುದು ಮೊದಲ ಲೆಕ್ಕ. ಎರಡನೆಯದು ನೀರು. ಮೀನಿನ ಬಣ್ಣ ಮೂರನೆಯದು, ಅಂಗಡಿಯಲ್ಲಿ ನಾವೆಲ್ಲ ಅದರಿಂದಲೇ ಶುರುಮಾಡುತ್ತೇವೆ.

ನೀರಿನ ವಿಷಯದಲ್ಲಿ ನೀವು ಅದೃಷ್ಟವಂತರು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ, ಸೋಪು ನೊರೆ ಬಿಡಲು ಸತಾಯಿಸುತ್ತದೆಯೇ, ಬೇಳೆ ಬೇಯುವುದು ತಡವೇ? ಹಾಗಿದ್ದರೆ ಅದು ಗಡಸು ನೀರು. ನಮ್ಮ ಮನೆಯ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 700ರ ಆಸುಪಾಸು, ಅಡುಗೆಮನೆಯಲ್ಲಿ ದಿನವೂ ಬೈಗುಳ ತಿನ್ನುವ ನೀರು. ಮಲಾವಿ ಮೀನುಗಳಿಗೆ ಅಂಥದ್ದೇ ಹಿತ. ಆ ಸರೋವರದ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಎಂಬುದರ ಅಳತೆ, ಸುಮಾರು 7.7ರಿಂದ 8.6. ಮೀನಿಗೆಂದು ಆರ್‌ಒ ನೀರು ತುಂಬಿಸುವ ಉತ್ಸಾಹಿಗಳಿದ್ದಾರೆ, ನೀವು ಅದನ್ನು ಮಾಡಬೇಡಿ. ಇದ್ದ ನೀರಿಗೆ ತಕ್ಕ ಮೀನು ತರುವುದು ಸುಲಭ, ಮೀನಿಗೆ ತಕ್ಕಂತೆ ವಾರವಾರವೂ ನೀರಿನ ಗುಣವನ್ನೇ ಬದಲಿಸಿ ಕೊಡುವುದು ನರಕ.

ನಾನಾಗಿದ್ದರೆ ನಿಮ್ಮ ಟ್ಯಾಂಕಿಗೆ ಎಲೆಕ್ಟ್ರಿಕ್ ಯೆಲ್ಲೋ ಮಾತ್ರ ತರುತ್ತಿದ್ದೆ, ಎಂಟು ಮರಿ. 'ಒಂದೇ ಬಣ್ಣವೇ?' ಎಂದು ಮುಖ ಸಿಂಡರಿಸಬೇಡಿ. ಕಪ್ಪು ಕಲ್ಲಿನ ಮುಂದೆ ಎಂಟು ನಿಂಬೆಹಳದಿ ಮೀನು ಓಡಾಡುವುದನ್ನು ಒಮ್ಮೆ ನೋಡಿ ಆಮೇಲೆ ಹೇಳಿ. ಮಲಾವಿಯ ಬಂಡೆಗಳ ನಡುವೆ ಬದುಕುವ ಮೀನುಗಳನ್ನು ಅಲ್ಲಿನ ಟೊಂಗಾ ಭಾಷೆಯಲ್ಲಿ ಎಂಬುನಾ ಎನ್ನುತ್ತಾರೆ, ಬಂಡೆಮೀನು ಎಂದರ್ಥ. ಆ ಗುಂಪಿನಲ್ಲಿ ಇದು ಸಾಧು. ನಾಲ್ಕು ಇಂಚಿನ ಸುತ್ತಮುತ್ತ ಬೆಳೆದು ನಿಲ್ಲುತ್ತದೆ. ಜಗಳವಾಡುವುದೇ ಇಲ್ಲ ಎಂದಲ್ಲ. ಆದರೆ ಎಂಟು ಇದ್ದಾಗ ಗಂಡಿನ ಸಿಟ್ಟು ಎಲ್ಲರಿಗೂ ಹಂಚಿಹೋಗುತ್ತದೆ. ಎರಡೇ ಇದ್ದರೆ ಪೂರ್ತಿ ಒಂದರ ಮೇಲೇ ಬೀಳುತ್ತದೆ. 'ಒಂದು ಜೋಡಿ ಸಾಕು' ಎಂಬುದು ಲವ್‌ಬರ್ಡ್ಸ್ ಸಾಕಿದವರ ಲೆಕ್ಕ, ಇಲ್ಲಿಗೆ ಹೊಂದುವುದಿಲ್ಲ.

ಎರಡನೆಯ ಬಣ್ಣ ಬೇಕೇ ಬೇಕೆಂದರೆ ರಸ್ಟಿ ಸಿಕ್ಲಿಡ್ ಸಿಗುತ್ತದೆಯೇ ಕೇಳಿ. ತುಕ್ಕುಗಂದು ಮೈಗೆ ನೇರಳೆ ಛಾಯೆ, ಸ್ವಭಾವ ಸಾಧು. ಆಗ ಐದು ಹಳದಿ, ಐದು ರಸ್ಟಿ. ಒಂದನ್ನೊಂದು ಹೋಲುವ ಎರಡು ಜಾತಿಗಳನ್ನು ಮಾತ್ರ ತರಬೇಡಿ. ಗಂಡು ಸಿಕ್ಲಿಡ್‌ಗೆ ತನ್ನಂತೆಯೇ ಕಾಣುವವನ ಮೇಲೆ ಎಲ್ಲರಿಗಿಂತ ಹೆಚ್ಚು ದ್ವೇಷ.

ಇಷ್ಟು ಹೇಳುವಾಗ ನಿಮ್ಮ ಟ್ಯಾಂಕ್ 36 ಇಂಚು ಉದ್ದ, 15 ಅಗಲ, 15 ಎತ್ತರ ಎಂದುಕೊಂಡಿದ್ದೇನೆ, ಅಂದರೆ ಸುಮಾರು 130 ಲೀಟರ್. ಅಗಲ, ಎತ್ತರ ಒಂದೊಂದೇ ಅಡಿ ಇದ್ದರೆ 85 ಲೀಟರಿಗೆ ಇಳಿಯುತ್ತದೆ. ಅದರಲ್ಲಿ ಈ ಯೋಜನೆ ಬೇಡ.

ಕಲ್ಲು ಜೋಡಿಸುವುದರಲ್ಲಿ ಅರ್ಧ ಕೆಲಸವಿದೆ. ಟ್ಯಾಂಕಿನ ತಳಕ್ಕೆ ಹೊರಗಿನಿಂದ ಥರ್ಮಾಕೋಲ್ ಹಾಳೆ ಕೊಡಿ. ಒಳಗೆ ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಈ ಮೀನುಗಳು ಬಾಯಲ್ಲಿ ಮರಳು ತುಂಬಿ ತುಂಬಿ ಆಚೆ ಉಗುಳುತ್ತ ಅಡಿಪಾಯವನ್ನೇ ತೋಡುತ್ತವೆ, ಒಂದು ದಿನ ಗುಡ್ಡೆ ಗಾಜಿಗೆ ಒರಗುತ್ತದೆ. ಗುಡ್ಡೆ ಒಂದೇ ಬೇಡ, ಎರಡು ಮೂರು ಮಾಡಿ. ಒಂದರಿಂದ ಇನ್ನೊಂದು ಕಾಣದಂತಿರಲಿ. ಅಟ್ಟಿಸಿಕೊಂಡು ಬಂದ ಮೀನು ಒಂದು ಬಿಲದಿಂದ ನುಗ್ಗಿ ಇನ್ನೊಂದರಿಂದ ಹೊರಬರುವಂತಿರಬೇಕು. ಒಂದೇ ಬಾಯಿಯ ಗುಹೆ ಬಲೆಯಿದ್ದಂತೆ. ಮುಂದೆ ಹೊಸ ಮೀನು ಬಿಡಬೇಕಾದಾಗ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸಿ, ದೀಪ ಆರಿಸಿ ಬಿಡಿ. ಹಳಬರ ಬದುಗಳೆಲ್ಲ ಅಳಿಸಿಹೋಗಿರುತ್ತವೆ, ಎಲ್ಲರೂ ಹೊಸದಾಗಿ ಜಾಗ ಹುಡುಕುವ ಗಡಿಬಿಡಿಯಲ್ಲಿ ಹೊಸಬನನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಫಿಲ್ಟರ್ ಗಂಟೆಗೆ 800ರಿಂದ 1,000 ಲೀಟರ್ ತಿರುಗಿಸುವಂಥದ್ದು ಇರಲಿ. ಟ್ಯಾಂಕ್ ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಪಿಎಚ್ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು, ಆದ್ದರಿಂದ ನಿಮಗೆ ಈ ಕಾಯುವಿಕೆ ಬೇರೆಯವರಿಗಿಂತ ಮುಖ್ಯ. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೆಯ ಫಿಲ್ಟರಿನ ಕೊಳಕು ಸ್ಪಂಜಿನ ತುಂಡೊಂದನ್ನು ಬೇಡಿ ತನ್ನಿ, ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಆಮೇಲೆ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ಆಹಾರಕ್ಕೆ ಸ್ಪಿರುಲಿನಾ ಎಂಬ ಪಾಚಿ ಇರುವ ಸಣ್ಣ ಕಾಳು, ಅದೂ ಮಿತವಾಗಿ.

ವರ್ಷದೊಳಗೆ ಒಂದು ದಿನ ಒಂದು ಹಳದಿ ಮೀನು ಊಟ ಬಿಟ್ಟು, ಗದ್ದ ಉಬ್ಬಿಸಿಕೊಂಡು ಮೂಲೆ ಸೇರುತ್ತದೆ. ಕಾಯಿಲೆಯೆಂದು ಔಷಧ ಸುರಿಯಬೇಡಿ, ನಾನು ಸುರಿದಿದ್ದೆ. ಅದು ತಾಯಿ. ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿರುತ್ತದೆ. ಹತ್ತಿರ ಹೋಗಿ ನೋಡಿದರೆ ಏನನ್ನೋ ಜಗಿಯುವಂತೆ ಆಗಾಗ ದವಡೆ ಆಡಿಸುತ್ತಿರುತ್ತದೆ, ಮೊಟ್ಟೆಗಳನ್ನು ಹೊರಳಿಸುವ ಕೆಲಸ ಅದು. ಕೊನೆಯ ದಿನಗಳಲ್ಲಿ ತೆಳುವಾದ ಗದ್ದದ ಚರ್ಮದ ಮೂಲಕ ಒಳಗಿನ ಮರಿಗಳ ಕಪ್ಪು ಕಣ್ಣುಗಳು ಕಾಣಿಸುತ್ತವೆ.

ಗಡಸು ನೀರಿಗೆ ಇನ್ನೊಂದು ದಾರಿಯೂ ಇದೆ, ಯಾಕೋ ನಮ್ಮವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಭಾರತಕ್ಕೆ ತನ್ನದೇ ಆದ ಸಿಕ್ಲಿಡ್‌ಗಳು ಮೂರಿವೆ. ಒಂದು ಕೇರಳದವರ ಕರಿಮೀನು, ಟ್ಯಾಂಕಿಗೆ ದೊಡ್ಡದಾಯಿತು. ಇನ್ನೊಂದು ದಕ್ಷಿಣ ಕನ್ನಡದ ನದಿಗಳದ್ದು. ಕೆನರಾ ಎಂಬ ಹೆಸರನ್ನು ತನ್ನ ವೈಜ್ಞಾನಿಕ ಹೆಸರಿನಲ್ಲೇ ಹೊತ್ತ ಆ ಮೀನು ಅಳಿವಿನಂಚಿನಲ್ಲಿದೆ, ಹೊಳೆಯಿಂದ ಹಿಡಿದು ತಂದದ್ದನ್ನು ಕೊಳ್ಳಲೇಬೇಡಿ. ಮೂರನೆಯದಾದ ಆರೆಂಜ್ ಕ್ರೊಮೈಡ್ ಮೂರು ಇಂಚಿನದು, ಅಲಂಕಾರಕ್ಕೆಂದೇ ಸಾಕಿ ಬೆಳೆಸಿದ ಮರಿಗಳು ಸಿಗುತ್ತವೆ. ಆರು ಮರಿ ತಂದರೆ ಜೋಡಿಯನ್ನು ಅವೇ ಆರಿಸಿಕೊಳ್ಳುತ್ತವೆ. ಇದರ ಮರಿಗಳು ಅಪ್ಪ ಅಮ್ಮನ ಮೈಗೆ ಮುತ್ತಿಕೊಂಡು ಲೋಳೆಯನ್ನು ಮೇಯುತ್ತವೆ. ಹಸುವಿಗೆ ಮುಗಿಬಿದ್ದ ಕರುಗಳಂತೆ ಕಾಣುವ ಈ ದೃಶ್ಯಕ್ಕೆ ನಾನು ಒಂದು ಸಂಜೆ ಪೂರ್ತಿ ಕೊಟ್ಟಿದ್ದೇನೆ. ಆದರೆ ಇದನ್ನು ಮಲಾವಿ ಮೀನುಗಳ ಜೊತೆ ಸೇರಿಸಬೇಡಿ, ಪೆಟ್ಟು ತಿನ್ನುತ್ತದೆ.

ಏಂಜೆಲ್ ಮೇಲೆ ಮನಸ್ಸಿದ್ದರೆ ಅದಕ್ಕೆಂದೇ ಎತ್ತರದ ಬೇರೆ ಟ್ಯಾಂಕ್ ಮಾಡಿ. ಆಸ್ಕರ್, ಫ್ಲವರ್‌ಹಾರ್ನ್ ಬಗ್ಗೆ ನಾಲ್ಕು ಅಡಿಗಿಂತ ದೊಡ್ಡ ಟ್ಯಾಂಕ್ ಬಂದ ಮೇಲೆ ಮಾತಾಡೋಣ. ಬೆಳೆದು ಹಿಡಿಸದಾದಾಗ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎನ್ನುವವರ ಸಾಲಿಗೆ ಮಾತ್ರ ಸೇರಬೇಡಿ, ಜಿಲೇಬಿ ಮೀನೊಂದೇ ನಮ್ಮ ಕೆರೆಗಳಿಗೆ ಸಾಕಾಗಿದೆ.

ಅಂಗಡಿಗೆ ಹೋದಾಗ ಮಿಕ್ಸ್ ಟ್ಯಾಂಕಿನತ್ತ ತಿರುಗದೆ, ಎಲೆಕ್ಟ್ರಿಕ್ ಯೆಲ್ಲೋ ಮಾತ್ರ ಇರುವ ಟ್ಯಾಂಕ್ ಯಾವುದೆಂದು ಕೇಳಿ. ಕಾಳು ಹಾಕಿಸಿ ನೋಡಿ, ಓಡಿ ಬಂದು ತಿನ್ನುವ ಮರಿಗಳನ್ನೇ ಆರಿಸಿ. ಹಳದಿ ಮೈಮೇಲೆ ಉದ್ದುದ್ದ ಕಪ್ಪು ಪಟ್ಟೆಯಿರುವ ಮುದ್ದಾದ ಮರಿಯೊಂದನ್ನು ಮಾಲೀಕರು 'ಇದೂ ಒಂದು ಇರಲಿ ಸಾರ್' ಎಂದು ಪುಕ್ಕಟೆಯಾಗಿ ಕೊಟ್ಟರೂ ಬೇಡವೆನ್ನಿ.